ಕಾಲಿನ ಒಡವೆ: ದನಿಯುಳ್ಳದ್ದು, ದನಿಯಿಲ್ಲದ್ದು

ಚೆನ್ನೈ ಮಹಾನಗರದ ಬಡಗಣ ಅಂಚಿನಲ್ಲಿ, ಕೊಸಸ್ತಲೈ ಹೊಳೆ ಕಡಲು ಸೇರುವ ಅಳಿವೆಯ ಬಳಿ ಎಣ್ಣೂರು ಇದೆ. ಹೆಸರು ಕೇಳಿದರೆ ಇಂದು ನೆನಪಾಗುವುದು ಉಷ್ಣವಿದ್ಯುತ್ ಸ್ಥಾವರ, ಬಂದರು, ಹಾರುಬೂದಿ. ಅಲ್ಲಿನ ಮೀನುಗಾರರ ಕೇರಿಗಳು ನೆನಪಾಗುವುದು ಆಮೇಲೆ. ಅಲ್ಲಿಂದ ತೆಂಕಲಿಗೆ ಕಡಲಂಚಿನ ದಾರಿ ಹಿಡಿದರೆ ಹಳೆಯ ದೇಗುಲದ ಊರು ತಿರುವೊತ್ತಿಯೂರು ಸಿಗುತ್ತದೆ. ಅಲ್ಲಿನ ತ್ಯಾಗರಾಜ ದೇವಾಲಯದ ಆವರಣದಲ್ಲಿ ವಟ್ಟಪ್ಪಾರೈ ಅಮ್ಮನ ಗುಡಿಯಿದೆ. ವಟ್ಟಪ್ಪಾರೈ ಎಂದರೆ ದುಂಡುಬಂಡೆ. ಈ ಅಮ್ಮ ಬೇರೆ ಯಾರೂ ಅಲ್ಲ, ಮಧುರೆಯನ್ನು ಸುಟ್ಟ ಸಿಟ್ಟು ಆರದೆ ಇಲ್ಲಿಯವರೆಗೆ ಬಂದ ಕಣ್ಣಗಿ ಎನ್ನುವುದು ಊರಿನ ಐತಿಹ್ಯ. ಅದೇ ಕಣ್ಣಗಿಯ ಪ್ರತಿಮೆ ಚೆನ್ನೈನ ಮರೀನಾ ತೀರದಲ್ಲಿ 1968ರಲ್ಲಿ ನಿಂತಿತು, 2001ರಲ್ಲಿ ತೆಗೆಯಲ್ಪಟ್ಟಿತು, ಗದ್ದಲವೆದ್ದ ಮೇಲೆ 2006ರಲ್ಲಿ ಮರಳಿ ಬಂತು. ಪ್ರತಿಮೆಯ ಕೈಯಲ್ಲಿರುವುದು ಕತ್ತಿಯಲ್ಲ, ಗ್ರಂಥವಲ್ಲ, ಒಂಟಿ ಕಾಲಂದುಗೆ. ಒಂದು ನಾಡು ತನ್ನ ನ್ಯಾಯದ ಕಲ್ಪನೆಯನ್ನು ಕಾಲಿನ ಒಡವೆಯೊಂದರಲ್ಲಿ ಇಟ್ಟುಕೊಂಡಿರುವುದು ಸಣ್ಣ ಸಂಗತಿಯಲ್ಲ. ಭಾರತದ ಕಾಲಾಭರಣಗಳನ್ನೆಲ್ಲ ‘ಮುತ್ತೈದೆತನದ ಗುರುತು’ ಎಂಬ ಒಂದೇ ಗಂಟಿನಲ್ಲಿ ಕಟ್ಟಿಡುವುದು ಇಂದಿನ ವಾಡಿಕೆ. ಈ ಗಂಟನ್ನು ಬಿಚ್ಚಿದರೆ ಎರಡು ಬೇರೆ ಕುಲದ ಒಡವೆಗಳು ಹೊರಬರುತ್ತವೆ. ಹೆಜ್ಜೆಗೆ ದನಿ ಕೊಡುವವು ಒಂದು ಕುಲ. ಅವುಗಳ ಕೆಲಸ ಸಾಕ್ಷಿ ಹೇಳುವುದು. ದನಿಯಿಲ್ಲದೆ ಬೆರಳನ್ನೋ ಹರಡನ್ನೋ ಸುತ್ತಿಕೊಂಡಿರುವವು ಇನ್ನೊಂದು. ಅವುಗಳ ಕೆಲಸ ನಂಟನ್ನು ಗುರುತಿಸುವುದು. ಮದುವೆಯ ಮಾತು ಸಲ್ಲುವುದು ಮುಖ್ಯವಾಗಿ ಎರಡನೆಯದಕ್ಕೆ.

ಹೆಸರುಗಳೇ ಈ ವಿಂಗಡಣೆಯನ್ನು ಮಾಡಿಟ್ಟಿವೆ. ತಮಿಳಿನ ‘ಸಿಲಂಬು’ ಪದಕ್ಕೆ ಕ್ರಿಯಾಪದವಾಗಿ ಮೊಳಗು, ಅನುರಣಿಸು ಎಂಬ ಅರ್ಥವಿದೆ. ತುಳುನಾಡಿನ ‘ಗಗ್ಗರ’ ಮತ್ತು ಸಂಸ್ಕೃತದ ‘ಘರ್ಘರ’ ಎರಡೂ ಗಲಗಲ ಸದ್ದಿನಿಂದಲೇ ಹುಟ್ಟಿದಂತಿವೆ. ಕಾಲ್ಬೆರಳಿನ ಒಡವೆಗಳ ಹೆಸರಿನಲ್ಲಿ ಇಂಥ ಸದ್ದಿಲ್ಲ. ಕನ್ನಡದ ಕಾಲುಂಗುರ ಇರುವ ಜಾಗವನ್ನಷ್ಟೇ ಹೇಳುತ್ತದೆ. ಮಿಂಚು ಹೊಳಪನ್ನು ಹೇಳುತ್ತದೆ. ತಮಿಳಿನ ಮೆಟ್ಟಿ, ತೆಲುಗಿನ ಮಟ್ಟೆ ನಮ್ಮ ‘ಮೆಟ್ಟು’ ಧಾತುವಿಗೆ ಹತ್ತಿರದವು. ನಡುವೆ ತೊಡಕಿನ ಪದವೊಂದಿದೆ, ಅಂದುಗೆ. ‘ಅಂದು’ ಎಂದರೆ ಆನೆಯ ಕಾಲಿಗೆ ಬಿಗಿಯುವ ಸರಪಳಿಯೂ ಹೌದು. ಆ ಮಾತಿಗೆ ಮುಂದೆ ಬರಬೇಕಾಗುತ್ತದೆ.

ಸಿಲಂಬನ್ನು ಹತ್ತಿರದಿಂದ ನೋಡಬೇಕು. ಅದು ಸರಪಳಿಯಲ್ಲ, ಗಟ್ಟಿ ಕಡಗವೂ ಅಲ್ಲ. ಬಾಗಿದ ಟೊಳ್ಳು ಕೊಳವೆ. ಲೋಹದ ತಗಡನ್ನು ಸುರುಳಿ ಮಾಡಿ ಬೆಸೆದೋ, ಮೇಣದಚ್ಚಿನಲ್ಲಿ ಎರಕ ಹೊಯ್ದೋ ಅದನ್ನು ಮಾಡುತ್ತಾರೆ. ಒಳಗೆ ಹರಳು, ಕಲ್ಲಿನ ಚೂರು ಇಲ್ಲವೆ ಲೋಹದ ಗುಂಡುಗಳನ್ನು ಹಾಕಿ ಬಾಯಿ ಮುಚ್ಚುತ್ತಾರೆ. ತಮಿಳರು ಈ ಒಳಗಿನ ಕಾಳನ್ನು ‘ಪರಲ್’ ಎನ್ನುತ್ತಾರೆ. ತೊಟ್ಟವರಿಗೂ ಕಾಣದ ಆ ಕಾಳೇ ಸದ್ದಿನ ಮೂಲ. ಇಳಂಗೋ ಅಡಿಗಳ ಹೆಸರಿನಲ್ಲಿರುವ ‘ಶಿಲಪ್ಪದಿಕಾರಂ’ ಕಾವ್ಯದ ಕಥೆ ನಿಂತಿರುವುದು ಈ ಕಮ್ಮಟದ ವಿವರದ ಮೇಲೆ. ಪುಹಾರಿನ ವರ್ತಕ ಕೋವಲನ್ ನರ್ತಕಿ ಮಾಧವಿಯ ಸಹವಾಸದಲ್ಲಿ ಆಸ್ತಿ ಕರಗಿಸಿಕೊಂಡು, ಹೆಂಡತಿ ಕಣ್ಣಗಿಯ ಒಂದು ಸಿಲಂಬನ್ನು ಮಾರಿ ಹೊಸ ವ್ಯಾಪಾರ ಹೂಡಲು ಮಧುರೆಗೆ ಬರುತ್ತಾನೆ. ರಾಣಿಯ ಸಿಲಂಬನ್ನು ತಾನೇ ಕದ್ದಿದ್ದ ಅಕ್ಕಸಾಲಿಗ ಕಳವನ್ನು ಕೋವಲನ ತಲೆಗೆ ಕಟ್ಟುತ್ತಾನೆ. ಪಾಂಡ್ಯರಾಜ ವಿಚಾರಣೆಯಿಲ್ಲದೆ ಕೊಲ್ಲಿಸುತ್ತಾನೆ. ಹೊರಗಿನಿಂದ ಎರಡೂ ಸಿಲಂಬು ಒಂದೇ ತರ, ಅದಕ್ಕೇ ಕಣ್ಣು ಮೋಸಹೋಯಿತು. ಕಣ್ಣಗಿ ಸಭೆಗೆ ಬಂದು ಎತ್ತುವುದು ಒಳಗಿನ ಪರಲ್‌ನ ಮಾತನ್ನು. ರಾಣಿಯದರಲ್ಲಿ ಮುತ್ತು ಎಂದು ರಾಜ ಹೇಳುತ್ತಾನೆ. ತನ್ನದರಲ್ಲಿ ಮಾಣಿಕ್ಯ ಎಂದು ಅವಳು ಒಡೆದು ತೋರಿಸುತ್ತಾಳೆ. ಒಡವೆ ಇಲ್ಲಿ ಸಾಕ್ಷಿಕಟ್ಟೆ ಹತ್ತಿತು. ಈ ಪ್ರಸಂಗವನ್ನು ಪಾತಿವ್ರತ್ಯದ ಮಹಿಮೆ ಎಂದು ಓದುವವರೇ ಹೆಚ್ಚು, ಕಾವ್ಯದಲ್ಲಿ ಆ ಓದಿಗೆ ಆಧಾರವೂ ಸಾಕಷ್ಟಿದೆ. ಆದರೆ ತೀರ್ಪು ತಿರುಗಿದ್ದು ಪಾತಿವ್ರತ್ಯದಿಂದಲ್ಲ, ಕೊಳವೆಯೊಳಗಿದ್ದ ಕಲ್ಲಿನಿಂದ.

ದನಿಯಿಂದ ಸಾಕ್ಷಿ ಹೇಳುವ ಗುಣ ದೇವರ ಕಾಲಿಗೂ ಹತ್ತಿತು. ತಮಿಳು ಶೈವಪುರಾಣದ ಅರಸ ಚೇರಮಾನ್ ಪೆರುಮಾಳನಿಗೆ ದಿನವೂ ಪೂಜೆಯ ಕೊನೆಗೆ ಚಿದಂಬರದ ನಟರಾಜನ ಕಾಲ ಸಿಲಂಬು ಕೇಳಿಸುತ್ತಿತ್ತು; ಪೂಜೆ ಸಂದಿತು ಎನ್ನುವುದಕ್ಕೆ ಅದೇ ರುಜು. ಒಂದು ದಿನ ಕೇಳಿಸುವುದು ತಡವಾದಾಗ ಅವನು ಪ್ರಾಣ ಬಿಡಲು ಹೊರಟ. ಶೈವಕವಿ ಸುಂದರರ ಹಾಡಿನಲ್ಲಿ ಮೈಮರೆತಿದ್ದೆ ಎಂದು ಶಿವನೇ ಕಾರಣ ಹೇಳಬೇಕಾಯಿತು. ಆ ಸುಂದರರು ಸಂಗಿಲಿಯನ್ನು ಮದುವೆಯಾದದ್ದು ತಿರುವೊತ್ತಿಯೂರಿನಲ್ಲೇ. ಸಂಗಿಲಿ ಎಂದರೆ ಸರಪಳಿ, ಊರ ಹೆಸರಿನ ‘ಒಟ್ರಿ’ ಎಂದರೆ ನಮ್ಮ ಒತ್ತೆ; ತಮಿಳು ಕವಿಗಳು ಈ ಶ್ಲೇಷೆಯನ್ನು ಸುಮ್ಮನೆ ಬಿಟ್ಟವರಲ್ಲ. ಕನ್ನಡ ನಾಡಿನ ಸಾಕ್ಷ್ಯ ಇನ್ನೂ ನೇರವಾಗಿದೆ. ಕೊಲ್ಲೂರಿನ ಐತಿಹ್ಯದಲ್ಲಿ ದೇವಿ ಶಂಕರಾಚಾರ್ಯರ ಹಿಂದೆ ನಡೆದುಬರುತ್ತಾಳೆ, ತಿರುಗಿ ನೋಡಬಾರದು ಎಂಬುದು ಕರಾರು. ಅವಳು ಬರುತ್ತಿದ್ದಾಳೆ ಎನ್ನುವುದಕ್ಕೆ ಆಧಾರ ಗೆಜ್ಜೆಯ ದನಿಯೊಂದೇ. ದನಿ ನಿಂತಿತು, ಆಚಾರ್ಯರು ತಿರುಗಿದರು, ದೇವಿ ಅಲ್ಲೇ ನೆಲೆನಿಂತಳು. ಪುರಂದರದಾಸರ ಹೆಸರಿನ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡಿನಲ್ಲಿಯೂ ಲಕ್ಷ್ಮಿ ಮನೆಗೆ ಬರುವುದು ಕಾಲ್ಗೆಜ್ಜೆಯ ದನಿಯೊಡನೆ. ಕಾಣದ್ದು ಬಂದಿದೆ ಎಂದು ತಿಳಿಸಲು ದನಿಗಿಂತ ತಕ್ಕ ಉಪಾಯವಿಲ್ಲ.

ತುಳುನಾಡಿನ ಭೂತಾರಾಧನೆಯಲ್ಲಿ ಇದು ಕಥೆಯಾಗಿ ಉಳಿಯದೆ ವಿಧಿಯೇ ಆಗಿದೆ. ಗಗ್ಗರವೆಂದರೆ ಸಿಲಂಬಿನ ಹಾಗೆಯೇ ಬಾಗಿದ ಟೊಳ್ಳು ಕೊಳವೆ, ಒಳಗೆ ಗುಂಡು. ಆದರೆ ಗಾತ್ರ ದೊಡ್ಡದು, ದನಿ ಗಡುಸು. ಪಾಡ್ದನ ಹಾಡಿ, ಬಣ್ಣ ಹಚ್ಚಿ, ತೆಂಗಿನ ಗರಿಯ ಸಿರಿ ಕಟ್ಟಿಕೊಂಡ ಮೇಲೂ ಕೋಲದ ಕಲಾವಿದ ಇನ್ನೂ ಮನುಷ್ಯನೇ. ದೈವಸ್ಥಾನದವರ ಅಪ್ಪಣೆ ಪಡೆದು ಗಗ್ಗರವನ್ನು ಕಾಲಿಗೇರಿಸಿದ ಮೇಲೆ ಅವನ ಹೆಜ್ಜೆ ದೈವದ ಹೆಜ್ಜೆಯಾಗುತ್ತದೆ, ಅವನ ನುಡಿ ದೈವದ ನುಡಿಯಾಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅವನಿಗೂ ಊರಿನ ದೊಡ್ಡ ಮನೆಗಳಿಗೂ ನಡುವೆ ಇರುವ ಜಾತಿಯ ದೂರವನ್ನು ನೆನೆದರೆ, ಆ ಲೋಹದ ಕೊಳವೆ ಹೊರುವ ಭಾರ ಎಷ್ಟೆಂದು ತಿಳಿಯುತ್ತದೆ. ಕಾಸರಗೋಡಿನಲ್ಲಿ ಕೋಲವೂ ತೆಯ್ಯವೂ ಅಕ್ಕಪಕ್ಕದಲ್ಲಿ ನಡೆಯುತ್ತವೆ. ಅಲ್ಲಿ ತೆಯ್ಯದ ಕಾಲಿಗೆ ಚಿಲಂಬು, ಕೋಲದ ಕಾಲಿಗೆ ಗಗ್ಗರ. ಹೆಸರು ಬೇರೆ, ಕೊಳವೆ ಒಂದೇ. ತಮಿಳುನಾಡಿನ ಅಮ್ಮನ ಗುಡಿಗಳಲ್ಲಿ ಸಿಲಂಬು ಕಾಲಿನಿಂದ ಕೈಗೂ ಏರಿದೆ: ಕೈಸಿಲಂಬಾಟದವರು ಅದನ್ನು ಹಿಡಿದು ಅಲುಗಿಸುತ್ತಾ ಕುಣಿಯುತ್ತಾರೆ. ಅಂದಕ್ಕಾಗಿ ತೊಡುವ ಒಡವೆಯಾಗಿದ್ದರೆ ಕೈಯಲ್ಲಿ ಹಿಡಿದು ಅಲುಗಿಸುವ ಅಗತ್ಯ ಬೀಳುತ್ತಿರಲಿಲ್ಲ.

ನೃತ್ಯದ ಗೆಜ್ಜೆಯ ಬಗೆಗೆ ಶಾಸ್ತ್ರವೇ ಲೆಕ್ಕ ಕೊಟ್ಟಿದೆ. ‘ಅಭಿನಯದರ್ಪಣ’ದ ಪ್ರಕಾರ ಗೆಜ್ಜೆ ಕಂಚಿನದಾಗಿರಬೇಕು, ದನಿ ಇಂಪಾಗಿರಬೇಕು, ಕಾಲಿಗೆ ನೂರು ಇಲ್ಲವೆ ಇನ್ನೂರರಂತೆ ನೀಲಿ ದಾರದಲ್ಲಿ ಬಿಗಿಯಾಗಿ ಗಂಟಿಕ್ಕಿ ಪೋಣಿಸಿರಬೇಕು. ಕಾಳುಮೆಣಸಿಗಿಂತ ಒಂದಿಷ್ಟು ದೊಡ್ಡ ಗುಂಡಿಗೆ ಬಾಯಿ ಸೀಳಿ, ಒಳಗೆ ಒಂದು ಕಾಳು ಬಿಟ್ಟರೆ ಗೆಜ್ಜೆ. ಅಂಥ ನೂರು ಬಾಯಿ ಒಂದೇ ತಾಳದಲ್ಲಿ ನುಡಿದರೆ ಪಾದ ತಪ್ಪಿದ್ದನ್ನು ಮುಚ್ಚಿಡಲಾಗದು. ನರ್ತಕಿಯ ಅಂದಕ್ಕಿಂತ ಅವಳ ಲಯದ ಲೆಕ್ಕ ಒಪ್ಪಿಸುವುದು ಅದರ ಕೆಲಸ. ರಂಗಪ್ರವೇಶಕ್ಕೆ ಮುನ್ನ ಗೆಜ್ಜೆಗೆ ಪೂಜೆ ಸಲ್ಲಿಸುವುದೂ ಅದಕ್ಕೇ. ಇದೇ ‘ಗೆಜ್ಜೆಪೂಜೆ’ ಎಂಬ ಮಾತಿಗೆ ಕನ್ನಡದಲ್ಲಿ ಇನ್ನೊಂದು, ಕಹಿಯಾದ ಅರ್ಥವೂ ಇತ್ತು: ಹುಡುಗಿಯನ್ನು ಕುಲಕಸುಬಿಗೆ ಒಪ್ಪಿಸುವ ಶಾಸ್ತ್ರ. ಎಂ.ಕೆ. ಇಂದಿರಾ ಅವರ ಕಾದಂಬರಿ, ಅದನ್ನಾಧರಿಸಿದ ಪುಟ್ಟಣ್ಣ ಕಣಗಾಲ್ ಅವರ ಸಿನಿಮಾ ಈ ಅರ್ಥವನ್ನು ಮನೆಮನೆಗೆ ಮುಟ್ಟಿಸಿದವು. ಮದರಾಸು ಪ್ರಾಂತ್ಯ 1947ರಲ್ಲಿ, ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ಕಾನೂನಿನಿಂದ ನಿಷೇಧಿಸಿದವು. ಗೆಜ್ಜೆ ಇಲ್ಲಿ ಮದುವೆಯ ಗುರುತಲ್ಲ, ಮದುವೆಯ ಬಾಗಿಲು ಮುಚ್ಚಿತೆಂದು ಸಾರುವ ಡಂಗುರ. ಕಾಲಾಭರಣವೆಲ್ಲ ಸೌಭಾಗ್ಯದ ಸಂಕೇತ ಎನ್ನುವವರು ಈ ಹೆಣ್ಣುಮಕ್ಕಳ ಕಾಲನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಗಂಡಸರ ಕಾಲನ್ನೂ ಅವರು ಲೆಕ್ಕಕ್ಕೆ ಹಿಡಿದಿಲ್ಲ. ಹಳೆಯ ತಮಿಳಿನಲ್ಲಿ ವೀರನ ಕಾಲಿಗೆ ‘ಕಳಲ್’ ಇತ್ತು. ಕನ್ನಡ ಮತ್ತು ತೆಲುಗು ನಾಡುಗಳಲ್ಲಿ ಪೆಂಡೆಯ, ಗಂಡಪೆಂಡೇರ ಇದ್ದವು. ಅಲ್ಲಸಾನಿ ಪೆದ್ದನನ ಕಾಲಿಗೆ ಕೃಷ್ಣದೇವರಾಯ ತಾನೇ ಗಂಡಪೆಂಡೇರ ತೊಡಿಸಿದ ಎಂಬ ಪ್ರತೀತಿ ಪ್ರಸಿದ್ಧ; ವೀರರ ಒಡವೆ ಅಷ್ಟು ಹೊತ್ತಿಗೆ ವಿದ್ವಾಂಸರಿಗೂ ಸಲ್ಲುವಂತಾಗಿತ್ತು. ಅದಕ್ಕಿಂತ ಹಳೆಯ, ಮೈನಡುಗಿಸುವ ಉದಾಹರಣೆ ಹಳೇಬೀಡಿನಲ್ಲಿದೆ. ಹೊಯ್ಸಳೇಶ್ವರ ದೇಗುಲದ ಬಳಿಯ ಗರುಡಗಂಬ ಎರಡನೆಯ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನದು. ಗರುಡರೆಂದರೆ ದೊರೆ ಸತ್ತರೆ ತಾವೂ ಸಾಯುವ ಭಾಷೆ ಕೊಟ್ಟವರು. ಆ ಭಾಷೆಯ ಗುರುತು ಎಡಗಾಲಿನ ಪೆಂಡೆಯ. 1220ರ ಸುಮಾರಿಗೆ ಬಲ್ಲಾಳ ತೀರಿದಾಗ ಕುವರಲಕ್ಷ್ಮ ಹೆಂಡತಿ ಸುಗ್ಗಲದೇವಿಯೊಡನೆ, ಸಂಗಡಿಗರೊಡನೆ ಭಾಷೆ ಸಲ್ಲಿಸಿದ. ಈ ವೀರಾಭರಣಕ್ಕೆ ‘ತೊಡರು’ ಎಂಬ ಹೆಸರೂ ಇದೆ; ಕಟ್ಟು, ಸರಪಳಿ ಎಂಬ ಅರ್ಥವೂ ಅದಕ್ಕಿದೆ. ಎಣ್ಣೂರಿನ ನೆರೆಯ ತಿರುವೊತ್ತಿಯೂರಿನ ಶಾಸನವೊಂದು ಇದರ ಮಗ್ಗುಲಲ್ಲಿಟ್ಟು ಓದುವಂಥದ್ದು. ಅದು ಕನ್ನಡದ ದೊರೆ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯದು. ತಮಿಳು ಶಾಸನಗಳು ಅವನನ್ನು ಕನ್ನರದೇವ ಎನ್ನುತ್ತವೆ. 949ರ ತಕ್ಕೋಲಂ ಕಾಳಗದಲ್ಲಿ ಚೋಳರ ಯುವರಾಜ ರಾಜಾದಿತ್ಯ ಬಿದ್ದಾಗ ಅವನ ಸಂಗಡಿಗ ವಲ್ಲಭ ಪಕ್ಕದಲ್ಲಿರಲಿಲ್ಲ. ಒಡೆಯನೊಡನೆ ಸಾಯಲಾಗಲಿಲ್ಲವೆಂಬ ನೋವಿನಲ್ಲಿ ಅವನು ಸನ್ಯಾಸಿಯಾದ, ತಿರುವೊತ್ತಿಯೂರಿನ ಮಠದಲ್ಲಿ ಚತುರಾನನ ಪಂಡಿತನಾದ. ಅವನ ಕಾಲಿನಲ್ಲಿ ಪೆಂಡೆಯವಿತ್ತೆಂದು ಶಾಸನ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಆದರೆ ಪೆಂಡೆಯ ಯಾವ ಲೋಕದ ಒಡವೆಯೋ ಆ ಲೋಕದ ಮನಸ್ಸು ಅಲ್ಲಿ ಕಲ್ಲಿನ ಮೇಲಿದೆ.

ಪೆಂಡೆಯ ನನ್ನ ವಿಂಗಡಣೆಯನ್ನು ಸ್ವಲ್ಪ ಕದಡುತ್ತದೆ ಎನ್ನುವುದನ್ನು ಒಪ್ಪಬೇಕು. ಅದು ದನಿಯ ಒಡವೆಯೋ ನಂಟಿನ ಒಡವೆಯೋ? ತಮಿಳು ಕವಿಗಳ ಕಳಲ್ ಸದ್ದು ಮಾಡುತ್ತದೆ, ಗರುಡನ ತೊಡರು ನಂಟನ್ನು ಹೇಳುತ್ತದೆ. ಎರಡೂ ಕುಲ ಕೂಡುವ ಜಾಗ ಅದು ಎನ್ನುವುದು ಸರಿಯಾದೀತು: ಕೊಟ್ಟ ಭಾಷೆಗೆ ತೊಟ್ಟವನ ನಡಿಗೆಯೇ ಸಾಕ್ಷಿ.

ಮದುವೆಯ ಒಡವೆ ಕಾಲುಂಗುರ. ಸಪ್ತಪದಿಯ ಆಸುಪಾಸಿನಲ್ಲಿ ವರ ವಧುವಿನ ಪಾದವನ್ನು ಕಲ್ಲಿನ ಮೇಲಿರಿಸುವ ಅಶ್ಮಾರೋಹಣವಿದೆ. ಮನೆಯಲ್ಲಿರುವ ರುಬ್ಬುವ ಕಲ್ಲೇ ಸಾಕು. ತಮಿಳರಲ್ಲಿ ಅದು ‘ಅಮ್ಮಿ ಮಿದಿತ್ತಲ್’, ಅದೇ ಹೊತ್ತಿಗೆ ಮೆಟ್ಟಿ ತೊಡಿಸುತ್ತಾರೆ. ಎಣ್ಣೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಮದುವೆಮನೆಯ ಈ ನೋಟ ಹೆಚ್ಚು ಬೇರೆಯಲ್ಲ: ಗಂಡಸು ಬಾಗಿ ಹೆಣ್ಣಿನ ಪಾದ ಹಿಡಿಯುವ ಒಂದು ಗಳಿಗೆ, ಸುತ್ತಲಿನವರ ನಗೆ, ಎರಡನೆಯ ಬೆರಳಿಗೆ ಬೆಳ್ಳಿಯ ಸುತ್ತು. ಕೆಲವು ತಮಿಳು ಸಮುದಾಯಗಳಲ್ಲಿ ಮದುಮಗನಿಗೂ ಮೆಟ್ಟಿಯಿತ್ತು. ಗಂಡ ತೀರಿದರೆ ಹೆಣ್ಣಿನ ಕಾಲುಂಗುರ ತೆಗೆಸುವ ಪದ್ಧತಿಯೇ ಅದು ಯಾವ ಕುಲದ ಒಡವೆ ಎಂದು ಹೇಳುತ್ತದೆ. ಆದರೆ ಹೆಂಡತಿ ತೀರಿದರೆ ಗಂಡಸಿನ ಬೆರಳಿನಿಂದ ಏನನ್ನೂ ತೆಗೆಸುವ ಶಾಸ್ತ್ರವಿಲ್ಲ. ಕಾಲಂದುಗೆಯ ದಾರಿ ಇದಕ್ಕೆ ತಿರುಗುಮುರುಗು. ಸಂಗಂ ಕಾಲದ ತಮಿಳರಲ್ಲಿ ‘ಸಿಲಂಬು ಕಳಿ ನೋನ್ಬು’ ಎಂಬ ವ್ರತವಿತ್ತು. ‘ಐಂಗುರುನೂರು’ ಸಂಕಲನದಲ್ಲಿ ಅದರ ಪ್ರಸ್ತಾಪ ಬರುತ್ತದೆ. ಮದುವೆಗೆ ಮುನ್ನ ಕನ್ಯೆಯ ಕಾಲಿನ ಸಿಲಂಬನ್ನು ಬಿಚ್ಚುವ ಶಾಸ್ತ್ರ ಅದು. ದನಿಯ ಒಡವೆ ಆಗ ಹುಡುಗಿತನದ್ದಾಗಿತ್ತು, ಮದುವೆಯ ಹೊತ್ತಿಗೆ ಕಾಲಿನಿಂದ ಇಳಿಯುತ್ತಿತ್ತು. ಕಾಲುಂಗುರ ಮದುವೆಯಲ್ಲಿ ಏರಿದರೆ ಸಿಲಂಬು ಮದುವೆಯಲ್ಲಿ ಇಳಿಯುತ್ತದೆ. ಎರಡನ್ನೂ ಸೌಭಾಗ್ಯದ ಒಂದೇ ಹಣೆಪಟ್ಟಿಗೆ ಸೇರಿಸುವುದು ಹೇಗೆ? ಮಕ್ಕಳ ಕಾಲಿನ ಟೊಳ್ಳು ‘ತಂಡೈ’ಯೂ ಈ ಸಾಲಿನದೇ. ಅಂಬೆಗಾಲಿಡುವ ಕೂಸು ಹೊಸಿಲು ದಾಟಿತೆಂದು ಒಲೆಯ ಮುಂದೆ ಕುಳಿತ ತಾಯಿಗೆ ತಿಳಿಸುವುದು ಅದರ ದನಿ.

ಈ ವಾದಕ್ಕೆ ರಾಮಾಯಣದ ಪ್ರಸಂಗವೊಂದನ್ನು ಎದುರು ಹಿಡಿಯಬಹುದು. ಸೀತೆ ಬೀಳಿಸಿದ ಒಡವೆಗಳನ್ನು ರಾಮ ತೋರಿಸಿದಾಗ, ಲಕ್ಷ್ಮಣ ತೋಳಬಂದಿ, ಕುಂಡಲಗಳನ್ನರಿಯೆ, ನಿತ್ಯ ಪಾದಕ್ಕೆರಗುತ್ತಿದ್ದುದರಿಂದ ನೂಪುರವನ್ನು ಮಾತ್ರ ಬಲ್ಲೆ ಎನ್ನುತ್ತಾನೆ. ಇಲ್ಲಿ ಗುರುತು ಹಿಡಿದದ್ದು ಕಣ್ಣು, ಕಿವಿಯಲ್ಲ. ಆದರೂ ಇಲ್ಲಿಯೂ ನೂಪುರ ಮಾಡುತ್ತಿರುವುದು ಸಾಕ್ಷಿಯ ಕೆಲಸವನ್ನೇ: ಹೊತ್ತೊಯ್ಯಲ್ಪಟ್ಟವಳು ಯಾರೆಂದು ಅದು ಹೇಳುತ್ತದೆ, ಜೊತೆಗೆ ಮೈದುನನ ನಡತೆಗೂ ರುಜು ಹಾಕುತ್ತದೆ. ಭಾರ್ಹುತ್, ಸಾಂಚಿಯ ಯಕ್ಷಿಯರ ಕಾಲಿನಲ್ಲಿ ಒಂದರ ಮೇಲೊಂದು ಪೇರಿಸಿದ ಭಾರದ ಕಡಗಗಳಿವೆ, ಬೇಲೂರಿನ ಮದನಿಕೆಯರಿಗೂ ಕಾಲಿನ ಒಡವೆ ತಪ್ಪಿಲ್ಲ. ಅವುಗಳಲ್ಲಿ ಎಷ್ಟು ನುಡಿಯುತ್ತಿದ್ದವೋ ಕಲ್ಲು ಹೇಳಲಾರದು. ಶಿಲ್ಪವನ್ನಷ್ಟೇ ನೋಡಿ ಬರೆದ ಒಡವೆಯ ಚರಿತ್ರೆ ಕಿವುಡಾಗುವುದು ಇಲ್ಲಿ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ದನಿಯ ಒಡವೆ ಹೆಣ್ಣಿನ ಮೇಲಿನ ಕಾವಲು, ಅವಳು ಎಲ್ಲಿ ಸುಳಿದಳೆಂದು ಅತ್ತೆಮಾವಂದಿರಿಗೆ ತಿಳಿಸುವ ಉಪಾಯ ಎನ್ನುತ್ತಾರೆ. ಅಂದುವಿಗೂ ಅಂದುಗೆಗೂ ಇರುವ ನಂಟು ಈ ಮಾತಿಗೆ ಬೆಂಬಲವಾಗಿಯೇ ಇದೆ. ಮಾತು ಸುಳ್ಳಲ್ಲ, ಅರ್ಧ ಮಾತ್ರ. ಇರುಳಿನಲ್ಲಿ ನಲ್ಲನೆಡೆಗೆ ಹೊರಟ ಅಭಿಸಾರಿಕೆ ನೂಪುರವನ್ನು ಕಳಚುತ್ತಾಳೆ, ಇಲ್ಲವೆ ಸದ್ದಾಗದಂತೆ ಮೇಲಕ್ಕೇರಿಸುತ್ತಾಳೆ ಎಂದು ಕಾವ್ಯಗಳೂ ಬೆಟ್ಟನಾಡಿನ ಚಿತ್ರಕಾರರೂ ತೋರಿಸಿದ್ದಾರೆ. ಕಾವಲು ಎಷ್ಟು ನಿಜವೋ ಅದನ್ನು ಹೆಣ್ಣು ತಪ್ಪಿಸಿದ್ದೂ ಅಷ್ಟೇ ನಿಜ. ಸಾಕ್ಷಿ ಎಂದ ಮೇಲೆ ಅದು ತೊಟ್ಟವಳ ಪರವಾಗಿಯೂ ನುಡಿದೀತು, ವಿರುದ್ಧವಾಗಿಯೂ ನುಡಿದೀತು. ಕಣ್ಣಗಿಗೆ ನ್ಯಾಯ ದೊರಕಿಸಿದ ಸಿಲಂಬೇ ಕೋವಲನನ್ನು ಕೊಲ್ಲಿಸಿದ್ದು.

ಉಳಿದ ಎರಡು ಜನಪ್ರಿಯ ವಿವರಣೆಗಳಿಗೆ ಹೆಚ್ಚು ಜಾಗ ಬೇಕಿಲ್ಲ. ಕಾಲಿನ ಎರಡನೆಯ ಬೆರಳಿನಿಂದ ಗರ್ಭಕೋಶಕ್ಕೆ ನೇರ ನರವಿದೆ, ಕಾಲುಂಗುರ ಅದನ್ನು ಒತ್ತಿ ಆರೋಗ್ಯ ಕಾಯುತ್ತದೆ ಎನ್ನುವ ಮಾತು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಅಂಗರಚನಾಶಾಸ್ತ್ರದಲ್ಲಿ ಅಂಥ ನರವಿಲ್ಲ. ಸೊಂಟದ ಕೆಳಗೆ ಚಿನ್ನ ತೊಡಬಾರದು, ಅದು ಲಕ್ಷ್ಮಿ ಎನ್ನುವುದು ಇನ್ನೊಂದು. ಬಹುಪಾಲು ಮನೆಗಳಲ್ಲಿ ಈಗಲೂ ಪಾಲನೆಯಾಗುವ ನಿಯಮ. ಆದರೆ ಕಣ್ಣಗಿಯ ಸಿಲಂಬು ಚಿನ್ನದ್ದು, ಅರಸರು ಕೊಟ್ಟ ಪೆಂಡೆಯಗಳಲ್ಲೂ ಚಿನ್ನದವಿದ್ದವು. ನಿಷೇಧ ಎಲ್ಲ ಕಾಲಕ್ಕೂ ಎಲ್ಲರಿಗೂ ಇದ್ದದ್ದಲ್ಲ. ಬೆಳ್ಳಿ ಕಾಲಿಗಿಳಿದದ್ದಕ್ಕೆ ಬೆಲೆಯೂ ಕಾರಣವಿರಬೇಕು: ಮಣ್ಣು, ನೀರು, ಉಪ್ಪುಗಾಳಿಯಲ್ಲಿ ದುಡಿಯುವ ಕಾಲಿಗೆ ತೊಡಿಸಿ, ಕಷ್ಟ ಬಂದಾಗ ಕಳಚಿ ಅಡವಿಡಬಹುದಾದ ಲೋಹ ಅದು. ಕೋವಲನ್ ಮಾಡಹೊರಟದ್ದೂ ಹೆಚ್ಚುಕಡಿಮೆ ಅದನ್ನೇ.

ಇಂದು ಈ ಬೆಳ್ಳಿಯ ಕಮ್ಮಟಗಳಲ್ಲಿ ಎರಡು ಊರಿಗೆ ದೊಡ್ಡ ಹೆಸರು. ಒಂದು ತಮಿಳುನಾಡಿನ ಸೇಲಂ. ಇನ್ನೊಂದು ನಮ್ಮ ನಿಪ್ಪಾಣಿಯಿಂದ ಹೆಚ್ಚು ದೂರವಿಲ್ಲದ, ಕೊಲ್ಹಾಪುರ ಜಿಲ್ಲೆಯ ಹುಪರಿ. ಉತ್ತರ ಚೆನ್ನೈನವರಿಗೆ ಸಗಟು ಬೆಳ್ಳಿಯ ಪೇಟೆ ಎಂದರೆ ಸೌಕಾರ್‌ಪೇಟೆ. ಅಲ್ಲಿ ಕೊಲುಸು (ಕಾಲ್ಸರಪಳಿ) ಮಾರಾಟವಾಗುವುದು ತೂಕದ ಮೇಲೆ, ಜೋಡಿಯ ಲೆಕ್ಕದಲ್ಲಿ. ಟೊಳ್ಳು ಕೊಳವೆಯ ಜಾಗಕ್ಕೆ ಸರಪಳಿ ಬಂದು ಬಹಳ ಕಾಲವಾಯಿತು. ಮಕ್ಕಳ ಜೋಡಿಗೆ ಸುತ್ತಲೂ ಗೆಜ್ಜೆಗುಂಡು, ದೊಡ್ಡವರದಕ್ಕೆ ಕೊಕ್ಕೆಯ ಬಳಿ ಒಂದೋ ಎರಡೋ. ಸದ್ದು ಬೇಡವೆನ್ನುವ ಶಾಲೆ, ಕಚೇರಿಗಳಿಗೆ ಹೋಗುವವರಿಗಾಗಿ ಗುಂಡೇ ಇಲ್ಲದವೂ ತಟ್ಟೆಯಲ್ಲಿವೆ. ಕಾಲುಂಗುರವಂತೂ ಬಾಯಿ ತೆರೆದ ಸುತ್ತಾಗಿ, ಯಾವ ಬೆರಳಿಗಾದರೂ ಹಿಗ್ಗಿಸಿ ತೊಡುವಂತಾಗಿದೆ. ಮದುವೆಯಾಗದವರೂ ಅಂದಕ್ಕೆಂದು ಕೊಳ್ಳುತ್ತಾರೆ. ಕೂಸಿನ ಕಾಲಿಗೆ ಕೊಳ್ಳಲು ಬಂದ ಅಜ್ಜಿಯರು ಮಾತ್ರ ತಕ್ಕಡಿಗೆ ಹಾಕುವ ಮುನ್ನ ಜೋಡಿಯನ್ನು ಕಿವಿಯ ಬಳಿ ಹಿಡಿದು ಒಮ್ಮೆ ಅಲುಗಿಸುತ್ತಾರೆ.